ಹಂಚಿನ ಮನೆಯವಳು, ಮಾಳಿಗೆ ಮನೆಯವರು

ಸಂಕೇಶ್ವರದ ಸುತ್ತಲಿನ ಹಳ್ಳಿಗಳಲ್ಲಿ ಹಳೆಯ ಮನೆಗಳ ತಲೆಯ ಮೇಲೆ ಹಂಚಿದೆ. ಅಲ್ಲಿಂದ ಪೂರ್ವಕ್ಕೆ ಗೋಕಾಕ ದಾಟಿ ಮೂಡಲಗಿ ಕಡೆಗೆ ಇಳಿದರೆ ಹಂಚು ಕಡಿಮೆಯಾಗುತ್ತ ಹೋಗಿ ಮಣ್ಣಿನ ಮಾಳಿಗೆಗಳು ಶುರುವಾಗುತ್ತವೆ. ಎರಡು ತಾಸಿನ ಬಸ್ಸಿನ ದಾರಿಯಲ್ಲಿ ಮನೆಯ ರೂಪವೇ ಬದಲಾಗುವುದಕ್ಕೆ ಕಾರಣ ಮಳೆ. ಸಂಕೇಶ್ವರ ಇರುವ ಹುಕ್ಕೇರಿ ತಾಲೂಕಿನ ಪಶ್ಚಿಮದ ಅಂಚು ಸಹ್ಯಾದ್ರಿಗೆ ಹತ್ತಿರ. ಮಿರಗದ ಮಳೆ ಹಿಡಿದರೆ ಅಲ್ಲಿ ವಾರಗಟ್ಟಲೆ ಜಿಟಿಜಿಟಿ ನಿಲ್ಲುವುದಿಲ್ಲ; ನೀರು ಸರಸರ ಇಳಿದುಹೋಗಲು ಇಳಿಜಾರು ಬೇಕೇ ಬೇಕು. ಮೂಡಲಗಿ ಮಳೆನೆರಳಿನ ಸೀಮೆ. ಅಲ್ಲಿ ಮಳೆಗಿಂತ ಬಿಸಿಲಿಗೆ ಹೆದರಿ ಮನೆ ಕಟ್ಟಿದ್ದಾರೆ. ತೊಲೆ, ಜಂತಿ, ಅದರ ಮೇಲೆ ಸಣ್ಣ ಕಟ್ಟಿಗೆ, ಬೇವಿನ ತಪ್ಪಲು, ಆಮೇಲೆ ಒಂದಡಿ ಮಣ್ಣು. ಏಪ್ರಿಲ್ ಬಿಸಿಲು ಆ ಮಣ್ಣನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ.

ನಾನು ಹಂಚಿನ ಮನೆಯಲ್ಲಿ ಹುಟ್ಟಿದವಳು. ಮದುವೆಯಾಗಿ ಬಂದದ್ದು ಮೂಡಲಗಿ ತಾಲೂಕಿನ ಹೊಳೆಸಾಲಿನ ಒಂದು ಊರಿನ ಮಾಳಿಗೆ ಮನೆಗೆ. 2019ರ ನೆರೆಯಲ್ಲಿ ಆ ಮನೆಯ ಗೋಡೆಗಳು ಕುಸಿದ ಮೇಲೆ ಅದನ್ನು ನೆಲಸಮ ಮಾಡದೆ, ನಾನೂ ನಮ್ಮವರೂ ಸೇರಿ ಮಳೆಯ ನಡುವೆಯೇ ರಿಪೇರಿ ಮಾಡಿದೆವು. ಆ ಕೆಲಸ ಕಲಿಸಿದ್ದನ್ನು ಬರೆಯುತ್ತಿದ್ದೇನೆ. ಹೊಳೆಸಾಲಿನಲ್ಲಿ ಇನ್ನೂ ಸಾಕಷ್ಟು ಮಣ್ಣಿನ ಮನೆಗಳು ನಿಂತಿವೆ. ಅವನ್ನು ಉಳಿಸಿಕೊಳ್ಳಬೇಕೋ ಕೆಡವಬೇಕೋ ಎಂದು ಗಂಡ ಹೆಂಡತಿ ರಾತ್ರಿ ಕೂತು ಮಾತಾಡುವ ಮನೆಗಳು ಪ್ರತಿ ಮಳೆಗಾಲದಲ್ಲೂ ಇರುತ್ತವೆ.

ನಮ್ಮ ಕಡೆಯ ನೆರೆ ನಮ್ಮ ಮಳೆಯಿಂದ ಬರುವುದಲ್ಲ. ಘಟಪ್ರಭೆ ಹುಟ್ಟುವುದು ಪಶ್ಚಿಮ ಘಟ್ಟದಲ್ಲಿ. ಅದರ ಉಪನದಿ ಹಿರಣ್ಯಕೇಶಿ ಹುಟ್ಟುವ ಅಂಬೋಲಿಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ಸಾಮರ್ಥ್ಯದ ರಾಜಾ ಲಖಮಗೌಡ ಜಲಾಶಯವಿದೆ, ನಿಜ. ಆದರೆ ಹಿರಣ್ಯಕೇಶಿ ಬಂದು ಸೇರುವುದು ಅಣೆಕಟ್ಟಿನ ಕೆಳಗೆ. ಮಾರ್ಕಂಡೇಯ, ಬಳ್ಳಾರಿ ನಾಲಾ ಕೂಡ ಕೆಳಗೇ ಬಂದು ಸೇರುತ್ತವೆ. ಅಣೆಕಟ್ಟಿನ ನೀರೂ ಇವೂ ಒಂದೇ ವಾರದಲ್ಲಿ ಕೂಡಿದರೆ ಗೋಕಾಕದ ಲೋಳಸೂರ ಸೇತುವೆ ಮುಳುಗುತ್ತದೆ, ಚಿಕ್ಕೋಳಿ ಸೇತುವೆ ಮುಳುಗುತ್ತದೆ, ಮುಂದೆ ಸುಣಧೋಳಿ, ಢವಳೇಶ್ವರ, ಅವರಾದಿ ಎಂದು ಹೊಳೆದಂಡೆಯ ಊರುಗಳಿಗೆ ನೀರು ನುಗ್ಗುತ್ತದೆ. ಮೂಡಲಗಿಯಲ್ಲಿ ಬಿಸಿಲು ಬಿದ್ದಿರುವಾಗಲೂ ಹೊಳೆ ಏರಬಹುದು. ಕಡಿಮೆ ಮಳೆಯನ್ನು ನಂಬಿ ಕಟ್ಟಿದ ಮನೆಗೆ ಬೇರೆ ಸೀಮೆಯ ಮಳೆ ಬಂದು ಬಡಿಯುವುದು ಹೀಗೆ.

2019ರ ಆಗಸ್ಟ್ 5 ನಾಗರ ಪಂಚಮಿ. ಪಂಚಮಿಗೆ ತವರಿಗೆ ಹೋಗುವುದು ನಮ್ಮಲ್ಲಿ ತಪ್ಪದ ಪದ್ಧತಿ. ನಾನೂ ಸಂಕೇಶ್ವರದ ಕಡೆಯ ತವರಿಗೆ ಹೋಗಿದ್ದೆ. ಆಶ್ಲೇಷ ಮಳೆ ಹಿಡಿದಿತ್ತು. ಜೋಕಾಲಿ ಕಟ್ಟಿದ ಮರದ ಕೆಳಗೆ ಯಾರೂ ಹೋಗಲಿಲ್ಲ. ಹಿರಣ್ಯಕೇಶಿ ದಂಡೆ ಮೀರಿತು, ನಿಪ್ಪಾಣಿ ಹತ್ತಿರ ರಾಷ್ಟ್ರೀಯ ಹೆದ್ದಾರಿ ಬಂದಾಯಿತು, ಲೋಳಸೂರ ಸೇತುವೆಯ ಮೇಲೆ ನೀರು ಬಂತು. ಊರಿಗೆ ಮರಳುವ ದಾರಿಯೇ ಉಳಿಯಲಿಲ್ಲ. ನಮ್ಮವರು ಅತ್ತೆಯನ್ನೂ ದನಗಳನ್ನೂ ಎತ್ತರದ ಶಾಲೆಗೆ ಸಾಗಿಸಿ ಫೋನ್ ಮಾಡಿದಾಗ ಹೇಳಿದ್ದು ಇಷ್ಟೇ: "ನೀರ ಪಡಸಾಲಿಗೆ ಬಂದೈತಿ. ನೀ ಅಲ್ಲೇ ಇರು." ಆಗ ರಾಜ್ಯದಲ್ಲಿ ಹೊಸ ಮುಖ್ಯಮಂತ್ರಿ ಪ್ರಮಾಣವಚನ ತೆಗೆದುಕೊಂಡು ಕೆಲವೇ ದಿನಗಳಾಗಿದ್ದವು, ಇನ್ನೂ ಸಚಿವ ಸಂಪುಟವೇ ಆಗಿರಲಿಲ್ಲ. ಬೆಳಗಾವಿ ಜಿಲ್ಲೆ ಮುಳುಗುತ್ತಿರುವುದನ್ನು ನಾವು ತವರಿನ ಟಿವಿಯಲ್ಲಿ ನೋಡುತ್ತಿದ್ದೆವು.

ಮಣ್ಣಿನ ಗೋಡೆ ನೀರು ನಿಂತಾಗ ಬೀಳುವುದು ಕಡಿಮೆ, ನೀರು ಇಳಿದ ಮೇಲೆ ಬೀಳುವುದು ಹೆಚ್ಚು. ಇದನ್ನು ಎಲ್ಲರೂ ತಿಳಿದಿರಬೇಕು, ಯಾಕೆಂದರೆ ಜನ ಸಾಯುವುದು ಆ ಹೊತ್ತಿನಲ್ಲಿ. ನೀರು ತುಂಬಿರುವಾಗ ಗೋಡೆಯ ಎರಡೂ ಬದಿಗೆ ಒಂದೇ ಒತ್ತಡ ಇರುತ್ತದೆ. ನೀರು ಸರಿದಾಗ ಆ ಆಸರೆ ತಪ್ಪುತ್ತದೆ. ಹೊರಮೈ ಬಿಸಿಲಿಗೆ ಒಣಗಿ ಗಟ್ಟಿಯಾದಂತೆ ಕಾಣುತ್ತದೆ, ಒಡಲು ಮಾತ್ರ ಹಸಿಯಾಗಿಯೇ ಇರುತ್ತದೆ. ಗೋಡೆಯ ಮೇಲ್ಭಾಗದ ಭಾರ ಆ ಹಸಿ ಒಡಲಿನ ಮೇಲೆ ಕೂರುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ, ಒಂದು ರಾತ್ರಿ ಬೀಳುತ್ತದೆ. ನೆರೆ ಬೇಕೆಂದೂ ಇಲ್ಲ, ನೆನೆದ ಗೋಡೆ ಸಾಕು. 2021ರ ಅಕ್ಟೋಬರ್ 6ರಂದು ಬೆಳಗಾವಿ ತಾಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆಂದ ಮನೆಯ ಗೋಡೆ ಕುಸಿದು ಏಳು ಜನ ತೀರಿಕೊಂಡರು. ಆ ಸುದ್ದಿ ಕೇಳಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ನಮ್ಮ ಮನೆಯ ಹಿಂದಿನ ಅಡುಗೆಕೋಣೆಯ ಗೋಡೆ, ದನದ ಅಂಕಣದ ಗೋಡೆ ಪೂರ್ತಿ ಬಿದ್ದಿದ್ದವು. ಪಡಸಾಲೆಯ ಗೋಡೆಗಳು ಬುಡದಲ್ಲಿ ಕರಗಿ ಸೊರಗಿದ್ದವು. ನಮ್ಮವರ ಮಾತು ಸರಳವಾಗಿತ್ತು: "ಎಲ್ಲಾ ತಗದು ಆರ್‌ಸಿಸಿ ಹಾಕೂಣು." ನಮ್ಮ ಓಣಿಯ ಬಹುತೇಕರ ಮಾತೂ ಅದೇ. ಅದಕ್ಕೆ ಸರ್ಕಾರದ ಲೆಕ್ಕವೂ ಒಂದು ಕಾರಣ. ತಕ್ಷಣದ ಪರಿಹಾರ 10,000 ರೂಪಾಯಿ ಬಂತು. ಆಮೇಲೆ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಪೂರ್ತಿ ಬಿದ್ದ ಎ ವರ್ಗಕ್ಕೆ 5 ಲಕ್ಷ. ಬಿ ವರ್ಗದವರು ಕೆಡವಿ ಹೊಸದು ಕಟ್ಟಿದರೆ 5 ಲಕ್ಷ, ರಿಪೇರಿ ಮಾಡಿಕೊಂಡರೆ 3 ಲಕ್ಷ. ಅಲ್ಪಸ್ವಲ್ಪ ಹಾನಿಯ ಸಿ ವರ್ಗಕ್ಕೆ 50,000. ಹಣ ಕಂತಿನಲ್ಲಿ, ಕೆಲಸದ ಹಂತ ನೋಡಿ. ಒಂದು ರಾಜ್ಯ ಇಷ್ಟು ದೊಡ್ಡ ಮೊತ್ತ ಕೊಟ್ಟದ್ದು ಸಣ್ಣ ಮಾತಲ್ಲ, ಅದರಿಂದ ಎಷ್ಟೋ ಕುಟುಂಬಗಳಿಗೆ ಸೂರು ಬಂತು. ಆದರೆ ಮನೆ ಕೆಡವಿದವರಿಗೆ ಹೆಚ್ಚು, ಉಳಿಸಿಕೊಂಡವರಿಗೆ ಕಡಿಮೆ ಎಂದಾಗ ನಿಂತ ಮನೆಯೂ ಉಳಿಯುವುದಿಲ್ಲ. ಸಾಗವಾನಿಯ ಕಂಬ, ಕೆತ್ತಿದ ಬಾಗಿಲು, ಎರಡು ಅಡಿ ಅಗಲದ ಗೋಡೆ ಎಲ್ಲ ಜೆಸಿಬಿಯ ಬಾಯಿಗೆ ಹೋದವು. ಆ ಚಳಿಗಾಲದಲ್ಲಿ ಗೋಕಾಕದ ಹಳೆ ಕಟ್ಟಿಗೆ ಮಾರುವ ಅಂಗಡಿಗಳ ಮುಂದೆ ನಮ್ಮ ಸೀಮೆಯ ಹೊಸ್ತಿಲುಗಳು, ಬೋದಿಗೆಗಳು ರಾಶಿ ಬಿದ್ದಿದ್ದವು.

ನಮ್ಮ ಮನೆಯನ್ನು ಉಳಿಸಿದ್ದು ಒಬ್ಬ ಹಿರಿಯ ಗೌಂಡಿಯ ಮಾತು. ಊರಿನವರೆಲ್ಲ ಅವರನ್ನು ಕಾಕಾ ಅನ್ನುತ್ತಾರೆ. ನಾನು ಶಾಲೆಯಲ್ಲಿ ಕಲಿಸುವವಳಾದ್ದರಿಂದ ಅವರಿಗೆ ನಾನು ಅಕ್ಕೋರು. ಬಿದ್ದ ಗೋಡೆಯ ಕಡೆ ಅವರು ಕಣ್ಣೆತ್ತಿಯೂ ನೋಡಲಿಲ್ಲ. ಕೈಯಲ್ಲೊಂದು ದಬ್ಬಣ ಹಿಡಿದು ಪ್ರತಿ ಕಂಬದ ಬುಡಕ್ಕೂ ಕೂತರು, ಚುಚ್ಚಿದರು, ಕಲ್ಲಿನಿಂದ ತಟ್ಟಿ ಸಪ್ಪಳ ಕೇಳಿದರು. "ಅಕ್ಕೋರ, ಗ್ವಾಡಿ ಬಿದ್ರ ಮನಿ ಬಿತ್ತಂತ ಅಲ್ರಿ. ಕಂಬ ನಿಂತಾವಂದ್ರ ಮನಿ ನಿಂತೈತಿ."

ಇದು ಸಮಾಧಾನದ ಮಾತಲ್ಲ, ಕಟ್ಟಡದ ಲೆಕ್ಕ. ನಮ್ಮ ಕಡೆಯ ಮಾಳಿಗೆ ಮನೆಯಲ್ಲಿ ಮೇಲಿನ ಮಣ್ಣಿನ ಭಾರ ಜಂತಿಗೆ, ಜಂತಿಯಿಂದ ತೊಲೆಗೆ, ತೊಲೆಯಿಂದ ಬೋದಿಗೆಗೆ, ಬೋದಿಗೆಯಿಂದ ಕಂಬಕ್ಕೆ, ಕಂಬದಿಂದ ಅಡಿಗಲ್ಲಿಗೆ ಇಳಿಯುತ್ತದೆ. ಗೋಡೆಗೆ ಒರಗಿ ನಿಂತ ಕಂಬಗಳೂ ಅದಕ್ಕೇ ಇರುವುದು. ಗೋಡೆ ಹೊತ್ತದ್ದು ತನ್ನ ಭಾರವನ್ನು ಮಾತ್ರ. ಅದು ಬಿಸಿಲು, ಚಳಿ, ಕಳ್ಳರನ್ನು ತಡೆಯುವ ಮರೆ. ಹಾಗಾಗಿಯೇ ಮೂರು ಗೋಡೆ ಬಿದ್ದ ಮನೆಯ ಮಾಳಿಗೆ ಹಾಗೇ ನಿಂತಿರುವುದನ್ನು ನೆರೆ ಊರುಗಳಲ್ಲಿ ಯಾರು ಬೇಕಾದರೂ ನೋಡಬಹುದಿತ್ತು. ಹಾನಿ ಸಮೀಕ್ಷೆಗೆ ಬರುವವರು ಬಿದ್ದ ಗೋಡೆಗಳನ್ನು ಎಣಿಸುತ್ತಾರೆ. ಕಂಬ ಎಷ್ಟು, ಅದರಲ್ಲಿ ಗಟ್ಟಿ ಎಷ್ಟು ಎಂದು ಬರೆದುಕೊಳ್ಳುವ ಜಾಗ ಆ ನಮೂನೆಯಲ್ಲಿ ಇದ್ದಿದ್ದರೆ ನಮ್ಮ ಸೀಮೆಯ ಎಷ್ಟೋ ಮನೆಗಳು ಇವತ್ತಿಗೂ ನಿಂತಿರುತ್ತಿದ್ದವು ಎಂದು ನಾನು ನಂಬುತ್ತೇನೆ.

ಸ್ಲ್ಯಾಬಿನ ಆಸೆಗೂ ಕಾಕಾ ಉತ್ತರ ಕೊಟ್ಟರು, ನಾನು ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಒಂದಡಿ ದಪ್ಪದ ಮಣ್ಣು ಒಂದು ಚದರ ಮೀಟರಿಗೆ ಸುಮಾರು ಅರ್ಧ ಟನ್ ತೂಗುತ್ತದೆ, ನೆನೆದರೆ ಇನ್ನೂ ಹೆಚ್ಚು. ಐದಿಂಚಿನ ಕಾಂಕ್ರೀಟ್ ಸ್ಲ್ಯಾಬ್ ಅದಕ್ಕಿಂತ ಹಗುರ, ಮುನ್ನೂರು ಕಿಲೋ ಚಿಲ್ಲರೆ. ಆದರೆ ಸ್ಲ್ಯಾಬ್ ಕೂರುವುದು ಗೋಡೆಯ ಮೇಲೆ, ಮಣ್ಣಿನ ಗೋಡೆಗೆ ಆ ಕೆಲಸ ಗೊತ್ತಿಲ್ಲ. ಸ್ಲ್ಯಾಬ್ ಬೇಕಾದರೆ ಪಾಯದಿಂದ ಹೊಸ ಮನೆಯೇ ಆಗಬೇಕು, ಅದೂ ನಮ್ಮ ಎರೆ ಭೂಮಿಯಲ್ಲಿ. ಎರೆ ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗಟ್ಟಿ ನೆಲ ಸಿಗುವವರೆಗೆ ಅಗೆದು ಗರಸು ತುಂಬಿ ಪಾಯ ಹಾಕುವ ಖರ್ಚಿಗೇ ಪರಿಹಾರದ ದೊಡ್ಡ ಪಾಲು ಹೋಗುತ್ತದೆ. ಹಂಚಾದರೆ ಕಟ್ಟಿಗೆ ಸೇರಿಸಿದರೂ ಮಣ್ಣಿನ ಭಾರದ ಒಂದು ಸಣ್ಣ ಪಾಲು ಮಾತ್ರ.

ನಾನು ಹಂಚಿಗೆ ಅಂಟಿಕೊಂಡೆ. "ನಿನ್ನ ತವರಮನಿ ಮಳಿ ಬ್ಯಾರೆ, ನಮ್ಮ ಮಳಿ ಬ್ಯಾರೆ" ಅಂದರು ನಮ್ಮವರು. "ಮಳಿ ಈಗ ಊರ ಕೇಳಿ ಬರೂದು ಬಿಟ್ಟೈತ್ರಿ" ಅಂದೆ. ಅತ್ತೆಯ ಚಿಂತೆ ಇನ್ನೊಂದು: "ಮಾಳಗಿ ತಗದ್ರ ಸಂಡಗಿ ಎಲ್ಲಿ ಹಾಕೂದು? ಮೆಣಸಿನಕಾಯಿ ಎಲ್ಲಿ ಒಣಗಸೂದು?" ಆ ಪ್ರಶ್ನೆ ಚಿಕ್ಕದಲ್ಲ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಲಗುವುದು, ಕಾಳು ಒಣಗುವುದು, ಹೊಳೆ ಏರಿದಾಗ ಕಾಳಿನ ಚೀಲ ಏರಿಸುವುದು ಎಲ್ಲ ಮಾಳಿಗೆಯ ಮೇಲೆಯೇ. ಕಡೆಗೆ ಒಪ್ಪಂದವಾಯಿತು. ಪಡಸಾಲೆಯ ಮಾಳಿಗೆ ಉಳಿಯುವುದು, ಅದರ ಹಳೆ ಮಣ್ಣು ತೆಗೆದು ತೆಳ್ಳಗೆ ಹೊಸದು ಹಾಕುವುದು. ಹಿಂದಿನ ಅಡುಗೆಕೋಣೆಗೂ ದನದ ಅಂಕಣಕ್ಕೂ ಇಳಿಜಾರು ಕೊಟ್ಟು ಹಂಚು ಹೊದಿಸುವುದು. ಮನೆಯ ಉತಾರ, ಅಂದರೆ ಹಕ್ಕಿನ ದಾಖಲೆ, ತೀರಿಹೋದ ಮಾವನವರ ಹೆಸರಿನಲ್ಲಿತ್ತು; ವಾಟ್ನಿ, ಅಂದರೆ ಪಾಲು, ಆಗಿರಲಿಲ್ಲ. ಮೈದುನ ಬಂದು ಒಪ್ಪಿಗೆ ಬರೆದುಕೊಟ್ಟ ಮೇಲೆಯೇ ಕಾಗದಪತ್ರ ಮುಂದೆ ಸರಿದವು. ಹೊಳೆಸಾಲಿನ ಎಷ್ಟೋ ಮನೆಗಳ ರಿಪೇರಿ ಮಣ್ಣಿಗಿಂತ ಮೊದಲು ಉತಾರದಲ್ಲಿ ಸಿಕ್ಕಿಬಿದ್ದಿತ್ತು. ಅದನ್ನು ಇಲ್ಲಿ ಬಿಡಿಸಿ ಬರೆಯಲು ಹೋಗುವುದಿಲ್ಲ.

ದಸರೆ ಮುಗಿಸಿ ಕೆಲಸ ಶುರು ಮಾಡಿದೆವು. ಚಿತ್ತಿ ಮಳೆ ಬಿಡಲಿಲ್ಲ. ಅಕ್ಟೋಬರಿನ ಮೂರನೇ ವಾರ ಮತ್ತೆ ಎಡೆಬಿಡದೆ ಸುರಿಯಿತು. ಗೋಕಾಕದ ಊರ ಮೇಲಿನ ಗುಡ್ಡದಲ್ಲಿ ಭಾರಿ ಬಂಡೆಗಳು ಸಡಿಲವಾಗಿ ಕೆಳಗಿನ ಓಣಿಗಳ ಜನ ಜೀವ ಕೈಯಲ್ಲಿ ಹಿಡಿದು ಕೂತಿದ್ದು ಅದೇ ವಾರ. ಇಲ್ಲಿ ನಾವು ಅರ್ಧ ತೆಗೆದ ಮಾಳಿಗೆಯ ಕೆಳಗೆ ಇದ್ದೆವು. ಹಸಿ ಮನೆಯ ರಿಪೇರಿಯಲ್ಲಿ ಮೊದಲು ಮಾಡಬೇಕಾದದ್ದು ಗೋಡೆ ಮುಟ್ಟುವುದಲ್ಲ, ಮೇಲಿನ ಭಾರ ಇಳಿಸುವುದು. ತೊಲೆಗಳ ಕೆಳಗೆ ಆಸರೆಯ ಕಂಬ ಕೊಟ್ಟು, ಪುಟ್ಟಿ ಪುಟ್ಟಿಯಾಗಿ ಮಣ್ಣು ಇಳಿಸಿದೆವು. ಎರಡನೆಯದು ಗೋಡೆಯ ತಲೆಗೆ ಹೊದಿಕೆ. ಬಿಟ್ಟ ತಲೆಯಿಂದ ನೀರು ಒಳಗೆ ಇಳಿದರೆ ಹೊಳೆಗೂ ಉಳಿದ ಗೋಡೆ ಮಳೆಗೆ ಹೋಗುತ್ತದೆ. ತಾಡಪತ್ರಿ ಹಾಸಿ ಕಲ್ಲು ಹೇರಿದೆವು. ರಾತ್ರಿ ಗಾಳಿ ಎದ್ದರೆ ಒಬ್ಬರು ಕಂದೀಲು ಹಿಡಿಯುವುದು, ಇನ್ನೊಬ್ಬರು ಏಣಿ ಏರಿ ತಾಡಪತ್ರಿ ಎಳೆದು ಕಟ್ಟುವುದು. ಆ ರಾತ್ರಿಗಳಲ್ಲಿ ನಾವಿಬ್ಬರೂ ಜಗಳವಾಡಿದಷ್ಟು ಮದುವೆಯಾದಾಗಿನಿಂದ ಆಡಿರಲಿಲ್ಲ. ಹಗ್ಗ ಯಾವ ಕಡೆ ಬಿಗಿಯಬೇಕು ಎಂಬುದರಿಂದ ಶುರುವಾಗಿ ಯಾರ ತವರು, ಯಾರ ಹಟ ಎಂಬಲ್ಲಿಗೆ ಹೋಗುತ್ತಿತ್ತು. ಬೆಳಗಾದರೆ ಅದೇ ಇಬ್ಬರು ಕೆಸರಿನಲ್ಲಿ.

ಆ ಕೆಸರಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ಮನೆ ಉಳಿಯುವುದು ಅದರಲ್ಲಿ. ಎರೆಮಣ್ಣು ಗೋಡೆಗೆ ಬರುವುದಿಲ್ಲ, ಒಣಗಿದರೆ ಬಿರುಕು ಬಿಡುತ್ತದೆ. ನೆರೆ ತಂದು ಹಾಕಿದ ಗೋಡುಮಣ್ಣು ಹೊಲಕ್ಕೆ ಒಳ್ಳೆಯದು, ಗೋಡೆಗಲ್ಲ. ಗೋಡೆಗೆ ಬೇಕಾದದ್ದು ಬಿದ್ದ ಗೋಡೆಯದೇ ಮಣ್ಣು. ಹಿಂದಿನವರು ಆರಿಸಿ ತಂದು ಹದ ಮಾಡಿದ ಮಣ್ಣು ಅದು, ಎಷ್ಟು ಸಲ ಬಿದ್ದರೂ ಮತ್ತೆ ಕಟ್ಟಬಹುದು. ಅದನ್ನು ಜರಡಿ ಹಿಡಿದು, ಗುಂಡಿ ಮಾಡಿ ನೀರು ಬಿಟ್ಟು, ಗೋದಿಹೊಟ್ಟು ಸಗಣಿ ಕಲಸಿ ಕೊಳೆಯಲು ಬಿಡುತ್ತಾರೆ. ದಿನಾ ತುಳಿಯಬೇಕು. ಹುಳಿವಾಸನೆ ಬಂದು, ಹಿಡಿದರೆ ಕೈಗೆ ಬೆಣ್ಣೆಯಂತೆ ಹತ್ತಿದರೆ ಹದ ಬಂತೆಂದು ಅರ್ಥ. ಹೊಟ್ಟು ಬಿರುಕನ್ನು ತಡೆಯುತ್ತದೆ, ಕೊಳೆತ ರಸ ಮಣ್ಣಿನ ಕಣಗಳನ್ನು ಹಿಡಿದಿಡುತ್ತದೆ. ನಮ್ಮವರು ಕಬ್ಬಿನ ಹೊಲದ ಕೆಲಸ ಮುಗಿಸಿ ಬಂದು, ನಾನು ಶಾಲೆ ಮುಗಿಸಿ ಬಂದು ತುಳಿಯುತ್ತಿದ್ದೆವು. ಮಾತು ಬಿಟ್ಟ ದಿನವೂ ತುಳಿಯುವುದು ಬಿಡುವ ಹಾಗಿರಲಿಲ್ಲ.

ಬುಡ ಕರಗಿದ ಪಡಸಾಲೆ ಗೋಡೆಗಳಿಗೆ ಕಾಕಾ ಮಾಡಿದ್ದು ಸೂಕ್ಷ್ಮದ ಕೆಲಸ. ಇಡೀ ಬುಡವನ್ನು ಒಮ್ಮೆಲೇ ತೆಗೆಯಲಿಲ್ಲ. ಎರಡಡಿ ಉದ್ದ ತೆಗೆದು, ಅಲ್ಲಿ ಗೋಕಾಕದ ಕಡೆಯ ಕೆಂಪು ಕಲ್ಲು ಇಟ್ಟು ಸುಣ್ಣದ ಗಾರೆಯಲ್ಲಿ ಕೂರಿಸಿ, ಅದು ಬಿಗಿದ ಮೇಲೆ ನಡುವೆ ಒಂದು ತುಂಡು ಬಿಟ್ಟು ಮುಂದಿನದಕ್ಕೆ ಹೋದರು. ಹೀಗೆ ಮೊಣಕಾಲೆತ್ತರದವರೆಗೆ ಮಣ್ಣಿನ ಜಾಗಕ್ಕೆ ಕಲ್ಲು ಬಂತು. ಸಿಮೆಂಟ್ ಯಾಕೆ ಬೇಡ ಎಂದು ನಮ್ಮವರು ಕೇಳಿದ್ದರು. ಮೂಡಲಗಿ ತಾಲೂಕಿನ ಯಾದವಾಡದಲ್ಲೇ ಸಿಮೆಂಟ್ ಕಾರ್ಖಾನೆ ಇದೆ, ನಮ್ಮ ಕಾಲ ಕೆಳಗೇ ಸುಣ್ಣದ ಕಲ್ಲಿದೆ, ಇಷ್ಟು ಹತ್ತಿರದ ವಸ್ತು ಬಿಟ್ಟು ಸುಣ್ಣ ಅರೆಯುವುದೇಕೆ ಎಂದು. ಮಣ್ಣಿನ ಗೋಡೆ ಸದಾ ನೆಲದಿಂದ ಒಂದಿಷ್ಟು ತೇವ ಎಳೆದುಕೊಂಡು ಗಾಳಿಗೆ ಬಿಡುತ್ತಿರುತ್ತದೆ. ಮೇಲೆ ಸಿಮೆಂಟ್ ಗಿಲಾವು ಬಳಿದರೆ ಆ ದಾರಿ ಮುಚ್ಚುತ್ತದೆ. ತೇವ ಒಳಗೇ ಉಳಿದು ಮಣ್ಣು ಮೆತ್ತಗಾಗುತ್ತದೆ, ಗಿಲಾವು ಹಪ್ಪಳದ ಹಾಗೆ ಬಿಟ್ಟು ಬಂದಾಗಲೇ ಒಳಗೆ ಏನೂ ಉಳಿದಿಲ್ಲವೆಂದು ಗೊತ್ತಾಗುವುದು. ಸುಣ್ಣ ನೀರನ್ನು ಹನಿಯಾಗಿ ತಡೆದು ಆವಿಯಾಗಿ ಬಿಡುತ್ತದೆ. ಹುಕ್ಕೇರಿಯ ಆದಿಲ್‌ಶಾಹಿ ಗುಮ್ಮಟಗಳು ನಾಲ್ಕು ಶತಮಾನ ದಾಟಿಯೂ ಆ ಮಳೆಯಲ್ಲಿ ನಿಂತಿರುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಅವುಗಳ ಕಾಲದಲ್ಲಿ ಸಿಮೆಂಟ್ ಇರಲಿಲ್ಲ. ಹೊರಗೋಡೆಯ ಸುಣ್ಣಕ್ಕೆ ಬೆಲ್ಲದ ನೀರು ಸೇರಿಸಿದೆವು. ಮಹಾಲಿಂಗಪುರದ ಬೆಲ್ಲದ ಪೇಟೆ ಹತ್ತಿರದಲ್ಲೇ ಇರುವಾಗ ಅದಕ್ಕೆ ಬರವೇನಿಲ್ಲ.

ಚಳಿಗಾಲದಲ್ಲಿ ಕೆಲಸ ಓಡಿತು. ಹೊಸ ತೊಲೆಗಳನ್ನು ಗೋಕಾಕದ ಹಳೆ ಕಟ್ಟಿಗೆಯ ರಾಶಿಯಲ್ಲೇ ಆರಿಸಿದೆವು, ಯಾರದೋ ಕೆಡವಿದ ಮನೆಯವು. ಬಡಿಗೇರ ತೂತುಗಳನ್ನು ನೋಡಿ ಅವು ಮೊದಲು ಯಾವ ಕಡೆ ಕೂತಿದ್ದವೆಂದು ಹೇಳುತ್ತಿದ್ದ. ಮಾರ್ಚ್ ಬಂತು, ಲಾಕ್‌ಡೌನ್ ಬಂತು. ಆಳು ಇಲ್ಲ, ಸಾಮಾನು ಇಲ್ಲ, ಹಿಂದಿನ ಭಾಗಕ್ಕೆ ಹಂಚು ಇಲ್ಲ. ಜೂನಿನಲ್ಲಿ ಮಿರಗ ಕೂಡಿದಾಗ ಅಡುಗೆಕೋಣೆಯ ಕಟ್ಟಿಗೆ ಚೌಕಟ್ಟು ಬರಿಮೈಯಲ್ಲಿ ನಿಂತಿತ್ತು. ಪಡಸಾಲೆಯಲ್ಲಿ ಒಲೆ ಹೂಡಿಕೊಂಡೆವು. ಎರಡನೇ ಮಳೆಗಾಲವೂ ತಾಡಪತ್ರಿಯ ಕೆಳಗೆ.

ಆ ಮಳೆಗಾಲದಲ್ಲಿ ಪಡಸಾಲೆಯ ಮಾಳಿಗೆ ಸೋರದೆ ಇದ್ದದ್ದು ಸವಳು ಮಣ್ಣಿನ ದೆಸೆಯಿಂದ. ಘಟಪ್ರಭಾ ಕಾಲುವೆಯ ನೀರು ಹೆಚ್ಚಾಗಿ ಹರಿದ ಹೊಲಗಳಲ್ಲಿ ಸವಳು ಜವಳಿನ ರೋಗ ಇದೆ, ಬಿತ್ತಿದ್ದು ಹುಟ್ಟುವುದಿಲ್ಲ, ಮೇಲೆ ಬೆಳ್ಳಗೆ ಉಪ್ಪು ಹೂ ಬಿಟ್ಟಿರುತ್ತದೆ. ಹೊಲ ಕೆಡಿಸಿದ ಅದೇ ಮಣ್ಣು ಮಾಳಿಗೆ ಕಾಯುತ್ತದೆ. ಅದರ ಸೋಡಿಯಂ ಉಪ್ಪು ಜೇಡಿಯ ಕಣಗಳನ್ನು ಬಿಡಿಸಿಬಿಡುತ್ತದೆ. ಮೊದಲ ಮಳೆ ಬೀಳುತ್ತಿದ್ದಂತೆ ಆ ಸಣ್ಣ ಕಣಗಳು ರಂಧ್ರಗಳಲ್ಲಿ ಕೂತು ಮುಚ್ಚುತ್ತವೆ, ನೀರು ಮೇಲೆಯೇ ಜಾರಿ ದೋಣಿಯಿಂದ ಹೊರಗೆ ಬೀಳುತ್ತದೆ. ಹುಲ್ಲೂ ಹುಟ್ಟುವುದಿಲ್ಲ, ಹಾಗಾಗಿ ಬೇರು ಇಳಿದು ದಾರಿ ಮಾಡುವ ಭಯವಿಲ್ಲ. ವರ್ಷಕ್ಕೊಮ್ಮೆ ಮಿರಗಕ್ಕೆ ಮುಂಚೆ ಒಂದು ಪದರ ಹಾಕಿ ತಟ್ಟಬೇಕು. ಆ ವರ್ಷಕ್ಕೊಮ್ಮೆಯ ಕೆಲಸ ಬಿಟ್ಟುಹೋದದ್ದರಿಂದಲೇ ಎಷ್ಟೋ ಮಾಳಿಗೆಗಳು ಸೋರಿದವು, ಸೋರುವ ಮನೆ ಎಂದು ಹೆಸರು ಬಂತು, ಕೆಡವಿದರು. ಮೊದಲು ಅದು ಮನೆಯ ಗಂಡಸರು ಹೊತ್ತು ತಂದು ಹೆಂಗಸರು ತಟ್ಟುವ ಕೆಲಸವಾಗಿತ್ತು ಎಂದು ಅತ್ತೆ ಹೇಳುತ್ತಾರೆ. ನಾವೂ ಹಾಗೇ ಮಾಡಿದೆವು. ಕುಡುಗೋಲಿನಂತೆ ಬಾಗಿದ ಹಲಗೆಯಲ್ಲಿ ತಟ್ಟುವ ಬಗೆಯನ್ನು ಅವರು ಕುಂಬಿಯ ಮೇಲೆ ಕೂತು ಹೇಳಿಕೊಟ್ಟರು.

ಕಡೆಗೆ ಹಿಂದಿನ ಭಾಗಕ್ಕೆ ಹಂಚು ಹೊದಿಸಿದ ಮೇಲೆ ಕೈಕೊಟ್ಟದ್ದು ನಮ್ಮ ಒಪ್ಪಂದ ಕೂಡುವ ಜಾಗ. ಹಂಚಿನ ಇಳಿಜಾರು ಬಂದು ಮಣ್ಣಿನ ಮಾಳಿಗೆಗೆ ತಾಗುವ ಸಂದಿಯಲ್ಲಿ ಎರಡೂ ಕಡೆಯ ನೀರು ಸೇರುತ್ತಿತ್ತು, ಆ ಸಂದಿಯೇ ಸೋರತೊಡಗಿತು. ತಗಡಿನ ದೋಣಿ ಕೂರಿಸಿದೆವು, ಎಲೆ ತುಂಬಿ ಉಕ್ಕಿತು. ಅಗಲ ಹೆಚ್ಚಿಸಿದೆವು, ತಗಡಿನ ತುದಿಯಿಂದ ನೀರು ಹಿಂದಕ್ಕೆ ನೆಕ್ಕಿಕೊಂಡು ಗೋಡೆಗೆ ಇಳಿಯಿತು. ಇಲ್ಲಿ ಕಾಕಾನ ವಿದ್ಯೆಗೂ ಉತ್ತರ ಇರಲಿಲ್ಲ, ಅವರ ಊರಿನಲ್ಲಿ ಇಂಥ ಕೂಡುಮನೆ ಯಾರೂ ಕಟ್ಟಿರಲಿಲ್ಲ. ಉತ್ತರ ಸಿಕ್ಕಿದ್ದು ನನ್ನ ತವರಿನ ಹಂಚಿನ ಕೆಲಸದವರಿಂದ. ಹಂಚಿನ ತುದಿ ದೋಣಿಯ ನಡುವಿಗೆ ಬರುವಂತೆ ಮುಂದೆ ಚಾಚಬೇಕು, ತಗಡಿನ ಅಂಚನ್ನು ಮೇಲಕ್ಕೆ ಮಡಚಿ ಮಾಳಿಗೆಯ ಮಣ್ಣಿನ ಕೆಳಗೆ ಒಂದು ಮೊಳ ಸೇರಿಸಬೇಕು, ದೋಣಿಗೆ ಒಂದೇ ಕಡೆ ಜಾಸ್ತಿ ಇಳಿತ ಕೊಡಬೇಕು. ಹುಕ್ಕೇರಿ ತಾಲೂಕಿನ ಹಂಚಿನವರೂ ಮೂಡಲಗಿಯ ಮಣ್ಣಿನ ಗೌಂಡಿಯೂ ಒಂದೇ ಅಟ್ಟಣೆಯ ಮೇಲೆ ಕೂತು ವಾದ ಮಾಡುತ್ತ ಆ ಸಂದಿ ಕಟ್ಟಿದರು. ನಮ್ಮವರು ಕೆಳಗೆ ನಿಂತು ಗೋಕಾಕದ ಕರದಂಟಿನ ಪೊಟ್ಟಣ ಬಿಚ್ಚಿ ಇಬ್ಬರಿಗೂ ಹಂಚಿದರು.

2021ರ ಜುಲೈಯಲ್ಲಿ ಮತ್ತೆ ಹೊಳೆ ಬಂತು. ಗೋಕಾಕದ ಹಳೆ ಓಣಿಗಳಲ್ಲಿ ಮತ್ತೆ ನೀರು, ಲೋಳಸೂರ ಸೇತುವೆ ಮತ್ತೆ ಬಂದ್. ನಮ್ಮ ಮನೆಯಲ್ಲಿ ನೀರು ಕಲ್ಲಿನ ಕಟ್ಟನ್ನು ದಾಟಲಿಲ್ಲ. ಇಳಿದ ಮೇಲೆ ನಾವು ಒಳಗೆ ಹೋಗುವ ಆತುರ ಮಾಡಲಿಲ್ಲ. ಬಾಗಿಲು ಕಿಟಕಿ, ಬೆಳಕಿಂಡಿ ಎಲ್ಲ ತೆರೆದಿಟ್ಟು ಗಾಳಿಯಾಡಿಸಿ, ಗೋಡೆಯ ಪಕ್ಕದ ಕೆಸರು ತೆಗೆದು, ಹೊರಗಿನ ನೀರು ಸರಿದುಹೋಗಲು ಕಾಲುವೆ ಕಡಿದು, ಶಾಲೆಯಲ್ಲೇ ಉಳಿದೆವು. ಬುಡದ ಸುಣ್ಣ ಅಲ್ಲಲ್ಲಿ ಎದ್ದಿತ್ತು, ಬಳಿದೆವು. 2024ರ ಜುಲೈ ಕೊನೆಗೂ ಅದೇ ಕೆಲಸ. ಊರನ್ನೇ ಎತ್ತರಕ್ಕೆ ಸ್ಥಳಾಂತರಿಸಬೇಕು ಎಂಬ ಮಾತು ಹೊಳೆಸಾಲಿನಲ್ಲಿ ಹಳೆಯದು, ತೀರ ತಗ್ಗಿನ ಓಣಿಗಳಿಗೆ ಅದು ಬೇಕು ಕೂಡ. ಕಂಬಕ್ಕಿಂತ ಎತ್ತರ ನೀರು ಬರುವ ಜಾಗದಲ್ಲಿ ಮಣ್ಣಿನ ಮನೆ ಉಳಿಸಿಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ. ನಡುಎತ್ತರದಲ್ಲಿ, ನೀರು ಪಡಸಾಲೆಗೆ ಬಂದು ಹೋಗುವ ಓಣಿಗಳಲ್ಲಿ ಇರುವ ಮನೆಗಳ ಬಗ್ಗೆ ನನ್ನ ಮಾತು. ಅವಕ್ಕೆ ರಿಪೇರಿಯ ಹಣವೂ ಹೊಸ ಮನೆಯ ಹಣದಷ್ಟೇ ಸಿಗಬೇಕು, ರಿಪೇರಿ ಬಲ್ಲ ಗೌಂಡಿಗಳನ್ನು ಸಮೀಕ್ಷೆಯ ತಂಡದಲ್ಲೇ ಕರೆದೊಯ್ಯಬೇಕು. ಕಾಕಾನ ಇಬ್ಬರು ಮಕ್ಕಳೂ ಸೆಂಟ್ರಿಂಗ್ ಕೆಲಸಕ್ಕೆ ಊರು ಬಿಟ್ಟಿದ್ದಾರೆ. ಕೂಲಿ ಅಲ್ಲಿ ಹೆಚ್ಚು. ಕೊಳೆ ಹಾಕಿದ ಮಣ್ಣಿನ ಹದ ಬಲ್ಲ ಕೈಗಳು ನಮ್ಮ ಸುತ್ತಿನ ಊರುಗಳಲ್ಲಿ ಬೆರಳೆಣಿಕೆಯಷ್ಟು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಗೋಕಾಕ ತಾಲೂಕಿನ ಒಂದು ಊರಿನಿಂದ ಹೊಸದಾಗಿ ಮದುವೆಯಾದ ಜೋಡಿಯೊಂದು ನಮ್ಮ ಮನೆ ನೋಡಲು ಬಂತು. ಹುಡುಗನ ಅಜ್ಜ ಕಟ್ಟಿದ ಮನೆ, ಹಿಂದಿನ ಗೋಡೆ ಬಿದ್ದಿದೆ, ಮನ್ಯಾವರು ಕೆಡವೋಣ ಅನ್ನುತ್ತಿದ್ದಾರೆ. ಹುಡುಗಿ ಸಂದಿಯ ದೋಣಿಯನ್ನು ಏಣಿ ಏರಿ ನೋಡಿದಳು, ಫೋಟೋ ತೆಗೆದುಕೊಂಡಳು. "ಅಕ್ಕಾರ, ಖರ್ಚ ಎಷ್ಟ ಬಂತ್ರಿ?" ಎಂದು ಮೆಲ್ಲಗೆ ಕೇಳಿದಳು. ಲೆಕ್ಕದ ವಹಿಯನ್ನೇ ತಂದುಕೊಟ್ಟೆ. ಮರುವಾರ ನಮ್ಮವರು ಕಾಕಾನನ್ನು ಮೋಟಾರ್‌ ಸೈಕಲ್ ಮೇಲೆ ಕೂರಿಸಿಕೊಂಡು ಅವರ ಊರಿಗೆ ಹೋದರು. ಕಾಕಾ ದಬ್ಬಣ ಹಿಡಿದು ಕಂಬ ಕಂಬಕ್ಕೂ ಕೂತು ನೋಡಿದ್ದಾರೆ. ಎರಡರ ಬುಡ ಕೊಳೆತಿದೆ, ಉಳಿದವು ಗಟ್ಟಿ. ಕೊಳೆತ ಬುಡ ಕೊಯ್ದು ಅಡಿಗಲ್ಲನ್ನು ಒಂದು ಮೊಳ ಏರಿಸಿದರೆ ಸಾಕು ಎಂದಿದ್ದಾರೆ. ಹುಡುಗಿಯ ಮಾವ ಇನ್ನೂ ಒಪ್ಪಿಲ್ಲ. ಬಿದ್ದ ಗೋಡೆಯ ಮಣ್ಣನ್ನು ಮಾತ್ರ ಅವರಿಬ್ಬರೂ ಹೊರಗೆ ಚೆಲ್ಲದೆ ಹಿತ್ತಲಲ್ಲಿ ಗುಡ್ಡೆ ಹಾಕಿ ತಾಡಪತ್ರಿ ಮುಚ್ಚಿಟ್ಟಿದ್ದಾರಂತೆ.